ನಾಲ್ಕನೆಯ ಕೈ

ನಾಲ್ವರು ಆಡುವ ಆಟಕ್ಕೆ ಮೂವರೇ ಕುಳಿತರೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗಷ್ಟೇ ಗೊತ್ತು. ಒಂದು ಕಾಲು ಮುರಿದ ಮೇಜಿನ ಮೇಲೆ ಊಟ ಬಡಿಸಿದ ಹಾಗೆ. ಬಿದ್ದೇ ಬೀಳುತ್ತದೆ ಎಂದಲ್ಲ. ಬಿದ್ದರೆ ಏನು ಗತಿ ಎಂದು ಯಾರಿಗೂ ತುತ್ತು ಇಳಿಯುವುದಿಲ್ಲ.

ನಮ್ಮ ಭಾನುವಾರದ ಇಸ್ಪೀಟು ಮಹಾಮಂಡಳಿಗೆ ಈ ದುರವಸ್ಥೆ ಬಂದದ್ದು ಕತ್ತರಿಯಕ್ಕ ಊರು ಬಿಟ್ಟ ಮೇಲೆ. ಕತ್ತರಿಯಕ್ಕ ಎಂದರೆ ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಅವಳಿಗೆ ಆ ಹೆಸರು ಕೈಯಲ್ಲಿದ್ದ ಕತ್ತರಿಯಿಂದ ಬಂತೋ ಬಾಯಲ್ಲಿದ್ದ ಕತ್ತರಿಯಿಂದ ಬಂತೋ ಎಂಬ ವಿಷಯದಲ್ಲಿ ಬೀದಿಯಲ್ಲಿ ಎರಡು ಪಂಗಡಗಳಿದ್ದವು. (ನಾನು ಎರಡರಲ್ಲೂ ಇದ್ದೆ.) ಅಂಗಡಿಯಿದ್ದ ಕಟ್ಟಡವನ್ನು ಕೆಡವಿದರು. ಅವಳು ಹೊಲಿಗೆ ಯಂತ್ರಕ್ಕೆ ಗೋಣಿಚೀಲ ಸುತ್ತಿಸಿ, ತಂಗಿಯ ಅಂಗಡಿಯಲ್ಲಿ ಕೈಜೋಡಿಸುತ್ತೇನೆಂದು ಬೇರೆ ಊರಿಗೆ ಹೊರಟುಹೋದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ.

ಅವಳು ನನ್ನ ಜೋಡಿ. ನಮ್ಮದು ಎದುರುಬದುರು ಕುಳಿತವರು ಒಂದು ಪಕ್ಷವಾಗಿ ಆಡುವ ಆಟ. ಪ್ರತಿ ಸಲವೂ ಒಂದು ಬಣ್ಣವನ್ನು ತುರುಫು ಎಂದು ಸಾರುತ್ತಾರೆ. ಆ ಬಣ್ಣದ ಪುಟಾಣಿ ಎಲೆಯೂ ಬೇರೆ ಬಣ್ಣದ ರಾಜನನ್ನು ಹೊಡೆದುಹಾಕುತ್ತದೆ. (ಈ ಕಥೆಗೆ ಇಷ್ಟು ಗೊತ್ತಿದ್ದರೆ ಸಾಕು. ನನಗೂ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು.) ಎದುರು ಪಕ್ಷದಲ್ಲಿ ನನ್ನ ಗಂಡನ ಅಕ್ಕ, ಅಂದರೆ ಮಹಡಿ ಮನೆಯ ಅತ್ತಿಗೆ, ಮತ್ತು ಬೀದಿಕೊನೆಯ ಆಸ್ಪತ್ರೆಯ ನರ್ಸಮ್ಮ.

ಊಟದ ಪಾತ್ರೆ ತೊಳೆದಿಟ್ಟು, ಮೇಜಿನ ಮೇಲೆ ಹಳೆಯ ಹಸಿರು ಪರದೆ ಹಾಸಿದರೆ ನಮ್ಮ ಸಭೆ ಆರಂಭ. ಕತ್ತರಿಯಕ್ಕ ಎಲೆ ಕಲಸುತ್ತಾ ಸುದ್ದಿ ತೆಗೆಯುತ್ತಿದ್ದಳು. ಯಾರ ಸೊಂಟದ ಅಳತೆ ಏರಿತು, ಯಾರು ಅದನ್ನು ಒಪ್ಪದೆ ಅಳತೆಪಟ್ಟಿಯೇ ಕುಗ್ಗಿದೆ ಎಂದು ಜಗಳವಾಡಿದರು, ಯಾವ ಹುಡುಗಿ ಹೊಲಿಯಲು ಕೊಟ್ಟ ಬಟ್ಟೆಯ ಬಣ್ಣ ನೋಡಿ ಅವಳ ಮನಸ್ಸು ಎಲ್ಲಿದೆಯೆಂದು ತಿಳಿಯಿತು. ನಾನು ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಕೈಗೆ ಸಿಕ್ಕ ಎಲೆ ಹಾಕುತ್ತಿದ್ದೆ. ಕೆಲವು ಸಲ ಗೆಲ್ಲುತ್ತಿದ್ದೆವು, ಹೆಚ್ಚು ಸಲ ಸೋಲುತ್ತಿದ್ದೆವು. ಸೋತದ್ದು ನನಗೆ ತಿಳಿಯುತ್ತಿದ್ದುದು ಅತ್ತಿಗೆಯ ಮುಖ ಅರಳಿದ ಮೇಲೆ.

ಅವಳು ಹೋದ ಮೇಲೂ ಭಾನುವಾರ ಬರುವುದನ್ನು ಬಿಡಲಿಲ್ಲ. ಅಭ್ಯಾಸಬಲದಿಂದ ನಾಲ್ಕು ಕುರ್ಚಿ ಹಾಕುತ್ತಿದ್ದೆ. ಖಾಲಿ ಕುರ್ಚಿಯ ಪಾಲಿನ ಎಲೆಗಳನ್ನೂ ಅತ್ತಿಗೆಯೇ ಆಡುತ್ತಿದ್ದರು. ಶತ್ರುಸೇನೆಯ ಸುಪರ್ದಿನಲ್ಲಿ ನನ್ನ ಜೋಡಿ! ಬೀದಿಯಲ್ಲಿ ಯಾವುದಾದರೂ ಹಳೆಯ ಸ್ಕೂಟರ್ ಟರ್ರೆಂದರೆ ಅವಳ ಯಂತ್ರದ ಸದ್ದೇ ಅನಿಸಿ, ಎಲೆ ಹಿಡಿದ ಕೈ ಹಾಗೆಯೇ ನಿಲ್ಲುತ್ತಿತ್ತು. ನರ್ಸಮ್ಮ ಆಕಳಿಸಿದರೆ ಆಕಳಿಕೆಯ ಕೊನೆಯವರೆಗೂ ಕೇಳಿಸುವಷ್ಟು ಮೌನ.

ಒಂದು ದಿನ ಫೋನಿನಲ್ಲಿ ಕತ್ತರಿಯಕ್ಕನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಒಂದು ಕ್ಷಣ ಯೋಚಿಸಿ ಅಂದಳು: "ಮನೇಲೇ ಒಬ್ರು ಇದ್ದಾರಲ್ಲೇ, ನಿನ್ನ ಗಂಡ. ಹಿಡಿದು ಕೂರಿಸು. ನಾನು ಬರೋವರೆಗೆ ನನ್ನ ಕುರ್ಚಿ ಬೆಚ್ಚಗಾದ್ರೂ ಇರಲಿ."

'ನಾನು ಬರೋವರೆಗೆ' ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು.

ನಮ್ಮವರು ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಹೊರಡಬೇಕು, ಯಾವುದು ಬಂತು, ಯಾವುದು ಬರಲಿಲ್ಲ ಎಂದು ನೋಡಿಕೊಳ್ಳುವವರು. ಭಾನುವಾರ ಮಧ್ಯಾಹ್ನದ ನಿದ್ದೆ ಅವರ ಆಜನ್ಮಸಿದ್ಧ ಹಕ್ಕು. ಇಸ್ಪೀಟು ಕೆಲಸವಿಲ್ಲದವರ ಕೆಲಸ ಎಂದು ಹೇಳಿ ಮಗ್ಗುಲು ಬದಲಿಸಿದರು. ನಾನು ಬೇಡಿಕೊಂಡೆ, ಗೊರಕೆ ಉತ್ತರ ಕೊಟ್ಟಿತು. ಆಗ ಅತ್ತಿಗೆ ಮಹಡಿಯ ಮೆಟ್ಟಿಲ ಮೇಲೆ ನಿಂತು, ದನಿಯನ್ನೂ ಏರಿಸದೆ, "ಏಯ್, ಎದ್ದು ಬಾರೋ" ಅಂದರು. ಇಡೀ ಡಿಪೋವನ್ನು ಬೆರಳ ತುದಿಯಲ್ಲಿ ನಡೆಸುವ ಮನುಷ್ಯ ಚಡ್ಡಿ ಹಾಕಿದ ತಮ್ಮನಾಗಿ ಎದ್ದು ಬಂದು ಕುಳಿತರು.

ನಾನು ಗುರುವಿನ ಗತ್ತಿನಿಂದ ಆಟ ಕಲಿಸಿದೆ. ಅವರು ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದರು.

"ಒಂದ್ಸಲ ಹೋದ ಎಲೆ ಅದೇ ಆಟದಲ್ಲಿ ವಾಪಸ್ ಬರುತ್ತಾ?"

"ಇಲ್ಲ ರೀ."

"ಹಾಗಾದ್ರೆ ಸುಲಭ. ನಮ್ಮ ಬಸ್ಸುಗಳು ವಾಪಸ್ ಬರ್ತವೆ, ಅದೇ ಕಷ್ಟ."

ಮೂರನೆಯ ಆಟದ ಹೊತ್ತಿಗೆ ನರ್ಸಮ್ಮ ಎಲೆಗಳನ್ನು ಎದೆಗೆ ಅವುಚಿಕೊಂಡು ಕುಳಿತಿದ್ದರು. ನಮ್ಮವರು ಕಣ್ಣು ಅರೆಮುಚ್ಚಿ, ಇಸ್ಪೀಟಿನ ರಾಣಿ ಆಗಲೇ ಹೊರಟುಹೋಯಿತು, ಗುಲಾಮ ಇನ್ನೂ ನಿಲ್ದಾಣ ಬಿಟ್ಟಿಲ್ಲ, ಕಳಾವರಿನ ರಾಜ ನರ್ಸಮ್ಮನ ಹತ್ತಿರ ಕೆಟ್ಟು ನಿಂತಿರಬೇಕು ಎಂದು ಗೊಣಗುತ್ತಿದ್ದರು. ಎಲ್ಲವೂ ಹಾಗೆಯೇ ಇರುತ್ತಿತ್ತು. ಅತ್ತಿಗೆ, ತಮ್ಮನ ಬುದ್ಧಿವಂತಿಕೆಯನ್ನು ಚಿಕ್ಕಂದಿನಿಂದ ತಾವೊಬ್ಬರೇ ಗುರುತಿಸಿದ್ದವರಂತೆ ನನ್ನ ಕಡೆ ನೋಡುತ್ತಿದ್ದರು.

ಇಷ್ಟೇ ಆಗಿದ್ದರೆ ಸಂತೋಷಪಡುತ್ತಿದ್ದೆ. ಆದರೆ ಇವರು ಪ್ರತಿ ಸಲವೂ ಬಹಳ ಮೃದುವಾಗಿ, "ಆ ಎಲೆ ಯಾಕೆ ಹಾಕ್ದೆ?" ಎಂದು ಕೇಳತೊಡಗಿದರು. ಇಷ್ಟು ವರ್ಷಗಳಲ್ಲಿ ಕತ್ತರಿಯಕ್ಕ ಒಮ್ಮೆಯೂ ಕೇಳದ ಪ್ರಶ್ನೆ. ಹಾಕಬೇಕೆನಿಸಿತು, ಹಾಕಿದೆ. ಇದಕ್ಕಿಂತ ಬೇರೆ ಕಾರಣ ಇರಬೇಕೆಂದು ನನಗೆ ಯಾರು ಹೇಳಿದ್ದರು?

ಸತ್ಯವನ್ನು ಅತ್ತಿಗೆಯೇ ತೆರೆದಿಟ್ಟರು. "ಅವಳನ್ನ ಏನು ಕೇಳ್ತೀಯೋ. ಒಳ್ಳೆ ಎಲೆ ಬಂದ್ರೆ ಕಣ್ಣು ಮುಚ್ಚಿ ದೇವರನ್ನ ನೆನೀತಾಳೆ. ಕೆಟ್ಟ ಎಲೆ ಬಂದ್ರೂ ನೆನೀತಾಳೆ, ಸ್ವಲ್ಪ ಹೊತ್ತು ಜಾಸ್ತಿ. ಅವಳ ಭಕ್ತಿ ಉದ್ದವಾಯ್ತು ಅಂದ್ರೆ ಕೈಯಲ್ಲಿ ಏನೂ ಇಲ್ಲ ಅಂತ ಅರ್ಥ. ಇಷ್ಟು ವರ್ಷ ನಾವು ಅದನ್ನ ನೋಡ್ಕೊಂಡೇ ಆಡಿದ್ದು."

ನರ್ಸಮ್ಮ ಮೇಜುಬಟ್ಟೆಯ ಅಂಚನ್ನು ತುಂಬ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳುವುದು ನನಗೆ ಉಸಿರಾಡಿದಷ್ಟು ಸಹಜ. ಅದನ್ನು ಎದುರು ಪಕ್ಷದವರು ದುರುಪಯೋಗಪಡಿಸಿಕೊಳ್ಳುತ್ತಾರೆಂದು ನಿಲ್ಲಿಸಲಾದೀತೆ? ಕಣ್ಣು ತೆರೆದುಕೊಂಡೇ ಪ್ರಾರ್ಥಿಸಲು ಪ್ರಯತ್ನಿಸಿದೆ. ಕಣ್ಣುಗುಡ್ಡೆಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮೂಗಿನ ಕಡೆ ಹೊರಳಿದವು. ಮುಂದಿನ ಭಾನುವಾರ ನರ್ಸಮ್ಮ ಆಸ್ಪತ್ರೆಯಿಂದ ಬರುವಾಗ ಕಣ್ಣಿಗೆ ಹಾಕುವ ಹನಿ ತಂದುಕೊಟ್ಟರು.

ಇರಲಿ, ಕತ್ತರಿಯಕ್ಕ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಇವರು ನಿದ್ದೆಗೆ ಮರಳುತ್ತಾರೆ. ನನ್ನ ಎದುರು ಅವಳು ಕೂರುತ್ತಾಳೆ. ಯಾಕೆ ಹಾಕಿದೆ ಎಂದು ಯಾರೂ ಕೇಳುವುದಿಲ್ಲ. ಬಟ್ಟೆ ಒಣಗಿಸುವಾಗ, ಅಕ್ಕಿ ಆರಿಸುವಾಗ, ಮನಸ್ಸಿನಲ್ಲೇ ಅವಳ ಕೈಗೆ ಎಲೆ ಹಂಚುತ್ತಿದ್ದೆ.

ಬರುತ್ತೇನೆಂದು ಅವಳು ಹೇಳಿದ ವಾರವೆಲ್ಲ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಹಸಿರು ಪರದೆ ಒಗೆದೆ. ಕುಂಟುತ್ತಿದ್ದ ಕುರ್ಚಿಗೆ ಮೊಳೆ ಹೊಡೆಸಿದೆ. ಭಾನುವಾರ ಊಟವಾದ ಕೂಡಲೇ ಇವರ ಹಾಸಿಗೆ ಹಾಸಿ, ದಿಂಬು ತಟ್ಟಿ, ಕಿಟಕಿಗೆ ಪರದೆ ಎಳೆದೆ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹಾಸಿಗೆಯನ್ನೂ ನನ್ನನ್ನೂ ನೋಡಿ, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿ, ಹೋಗಿ ಮೇಜಿನ ಮುಂದೆ ಕುಳಿತರು.

ಕತ್ತರಿಯಕ್ಕ ಬಂದಳು. ಹೆಗಲ ಮೇಲೆ ನೀಲಿ ದಾರದ ಎಳೆ, ಕೈಗೆ ಯಂತ್ರದ ಎಣ್ಣೆಯ ವಾಸನೆ. ಬಾಗಿಲಲ್ಲೇ ನನ್ನ ಕೈ ಹಿಡಿದವಳು ಕೋಣೆಯೊಳಗೆ ಬರುವವರೆಗೂ ಬಿಡಲಿಲ್ಲ. ಕೋಣೆಗೆ ಬಂದ ಮೇಲೆ ಬಿಡಲೇಬೇಕಾಯಿತು. ಅವಳ ಕುರ್ಚಿಯಲ್ಲಿ ಇವರು ಕೂತಿದ್ದರು. ಗಂಡಸನ್ನು ಏಳಿಸುವುದು ಚೆನ್ನಾಗಿರುವುದಿಲ್ಲವೆಂದು ಅವಳು ಹೋಗಿ ಎದುರಿನ ಕುರ್ಚಿಯಲ್ಲಿ ಕುಳಿತಳು. ಅಂದರೆ ನನ್ನದರಲ್ಲಿ.

"ಒಂದೇ ಒಂದು ಆಟ ಕಣೇ. ಇವರ ಕೈ ಹೇಗಿದೆ ಅಂತ ನೋಡಿಬಿಡ್ತೀನಿ" ಅಂದಳು.

ನಾನು ಲೋಟಗಳ ತಟ್ಟೆ ಹಿಡಿದುಕೊಂಡು ನಿಂತೆ. ಆ ಒಂದು ಆಟ ಮರಿ ಹಾಕಿತು. ಇವರು ಯಾವ ಎಲೆ ಇನ್ನೂ ಬರಬೇಕು ಎಂದು ಗೊಣಗುವುದು, ಅವಳು ಅದು ಬಂದ ಕೂಡಲೇ ಕಚಕ್ಕನೆ ಕತ್ತರಿಸುವುದು. ಒಬ್ಬರು ಅಳತೆ ತೆಗೆದುಕೊಂಡರೆ ಇನ್ನೊಬ್ಬರು ಬಟ್ಟೆ ಕತ್ತರಿಸಿದ ಹಾಗಿತ್ತು. ಅತ್ತಿಗೆ ಮೊದಲ ಬಾರಿಗೆ ಸಾಲುಸಾಲಾಗಿ ಸೋತರು. ಸೋತೂ ನಗುತ್ತಿದ್ದರು, ಅಂಥ ಆಟ.

ನಿಂತು ಸಾಕಾಗಿ ಕತ್ತರಿಯಕ್ಕನ ಕುರ್ಚಿಯ ಹಿಂದೆ ಹೋಗಿ, ಅವಳ ಭುಜದ ಮೇಲಿಂದ ಎಲೆ ನೋಡಿದೆ. ಎಲ್ಲ ಎಕ್ಕಗಳೂ ಅವಳ ಕೈಯಲ್ಲೇ ಇದ್ದವು. ನಾನು ಬೇಕೆಂದು ಮಾಡಲಿಲ್ಲ. ಕಣ್ಣುಗಳು ತಾವಾಗಿ ಒಂದೇ ಒಂದು ಕ್ಷಣ ಮುಚ್ಚಿಕೊಂಡವು.

"ನರ್ಸಮ್ಮ, ಜೋಕೆ" ಅಂದರು ಅತ್ತಿಗೆ. "ಕತ್ತರಿ ಕೈ ತುಂಬಾ ಎಕ್ಕ."

ಕತ್ತರಿಯಕ್ಕ ಹಿಂದಕ್ಕೆ ತಿರುಗಿ ನೋಡಿ, "ನೀನು ಒಳಗಿರೋದೇ ಎಲ್ರಿಗೂ ಕ್ಷೇಮ ಕಣೇ" ಅಂದಳು. ಇವರೂ ತಲೆಯಾಡಿಸಿದರು. ಹೀಗೆ ನನ್ನ ಮನೆಯಲ್ಲಿ, ನಾನೇ ಕಟ್ಟಿದ ಮಂಡಳಿಯಿಂದ, ನನ್ನನ್ನು ಅಡುಗೆಮನೆಗೆ ಗಡಿಪಾರು ಮಾಡಲಾಯಿತು.

ಚಹಾಕ್ಕೆ ನೀರಿಟ್ಟು ಅದು ಕುದಿಯುವುದನ್ನು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಕತ್ತರಿಯಕ್ಕ ಬಂದು ಕಟ್ಟೆಗೆ ಒರಗಿದಳು. ತಂಗಿಯ ಅಂಗಡಿಯ ಸುದ್ದಿ ಹೇಳಿದಳು. ಕೆಲಸ ಬೇಕಾದಷ್ಟಿದೆ, ತಂಗಿ ಒಳ್ಳೆಯವಳೇ, ಆದರೆ ಮಾತು ಶುರುಮಾಡಿದರೆ ಅರ್ಧಕ್ಕೇ 'ಗೊತ್ತು, ಗೊತ್ತು' ಅನ್ನುತ್ತಾಳಂತೆ. ಅದಕ್ಕೆ ಇವಳು ಸಂಜೆ ಬಟ್ಟೆ ತೊಡಿಸಿ ನಿಲ್ಲಿಸುವ ಗೊಂಬೆಯ ಜೊತೆ ಮಾತಾಡುತ್ತಾಳಂತೆ. ನಾನು ಕೇಳುತ್ತಿದ್ದೆ. ನೀರು ಕುದಿದು ಅರ್ಧವಾಯಿತು.

"ನಿಜ ಹೇಳ್ಲಾ?" ಅಂದಳು. "ಆಟಕ್ಕೆ ನೀನು ಲಾಯಕ್ಕಿಲ್ಲ ಕಣೇ. ತುರುಫು ಯಾವ್ದು ಅಂತ ಒಂದಿನ ನೆನಪಿಟ್ಟುಕೊಂಡಿಲ್ಲ. ನಾನು ಆಟಕ್ಕೇ ಬರ್ತಿದ್ದೆ ಅಂದ್ಕೊಂಡಿದ್ದೆ. ಅಲ್ಲಿಗೆ ಹೋದ್ಮೇಲೆ ನೋಡಿದ್ರೆ, ಆಡೋರು ಅಲ್ಲೂ ಇದ್ದಾರೆ. ಆದ್ರೆ..."

ನಾನು ಆ 'ಆದ್ರೆ'ಯ ಮುಂದಿನದಕ್ಕಾಗಿ ಜೀವ ಹಿಡಿದುಕೊಂಡು ನಿಂತೆ. ಅಷ್ಟರಲ್ಲಿ ಇವರು ಬಾಗಿಲಿಗೆ ಬಂದು, ಎಲೆ ಹಂಚಿ ಆಗಿದೆ, ಬಸ್ಸು ಹೊರಡುತ್ತಿದೆ ಎಂದು ಬಹಳ ವಿನಯದಿಂದ ತಿಳಿಸಿದರು. ಕತ್ತರಿಯಕ್ಕನ ಕಣ್ಣು ಹೊಳೆಯಿತು. ಮಾತನ್ನು ಅಲ್ಲೇ ಕತ್ತರಿಸಿ, ನನ್ನ ಕೆನ್ನೆ ತಟ್ಟಿ, ಹೊರಟೇಬಿಟ್ಟಳು. (ದೂರುವುದಿಲ್ಲ. ಹಂಚಿದ ಎಲೆ ಕಾಯುತ್ತಿದ್ದರೆ ನಾನೂ ಹೋಗುತ್ತಿದ್ದೆ.)

ಇನ್ನು ಮುಂದೆ ತಿಂಗಳ ಕೊನೆಯ ಭಾನುವಾರ ಅವಳು ಬರುವುದೆಂದು ತೀರ್ಮಾನವಾಯಿತು. ನನಗೆ ಇದು ತಿಳಿದದ್ದು ಅತ್ತಿಗೆಯಿಂದ. ಯಾವ ಬಸ್ಸು ಹತ್ತಬೇಕು, ಕಿಟಕಿಯ ಯಾವ ಬದಿಗೆ ಬಿಸಿಲು ಬೀಳುವುದಿಲ್ಲ ಎಂಬುದನ್ನೆಲ್ಲ ಇವರೇ ಕೂತು ಗೊತ್ತುಮಾಡಿಕೊಟ್ಟಿದ್ದರು. ಉಳಿದ ಭಾನುವಾರಗಳಿಗೆ ಬೇರೆ ಜೋಡಿ ಬೇಕಲ್ಲ ಎಂದು ನಾನು ಸೆರಗು ಸರಿಪಡಿಸಿಕೊಂಡೆ. ಅದಕ್ಕೆ ನರ್ಸಮ್ಮನ ಜೊತೆ ಕೆಲಸ ಮಾಡುವ ಔಷಧಿ ಕೌಂಟರಿನ ಹುಡುಗಿಯನ್ನು ಆಗಲೇ ಗೊತ್ತುಮಾಡಿದ್ದಾರಂತೆ. ಅವಳಿಗೆ ಎಲೆಗಳು ನೆನಪಿರುತ್ತವಂತೆ.

ಮರುದಿನ ಸಂಜೆ ಡಿಪೋದಿಂದ ಬಂದವರೇ ಇವರು ಎಲೆಕಟ್ಟು ತೆಗೆದುಕೊಂಡು ನನ್ನ ಮುಂದೆ ಕುಳಿತರು. "ನೋಡು, ಬೇಜಾರು ಮಾಡ್ಕೋಬೇಡ. ಡಿಪೋದಲ್ಲಿ ಬದಲಿ ಡ್ರೈವರ್ ಇರ್ತಾನಲ್ಲ, ಹಾಗೆ ನೀನು. ಯಾರಾದ್ರೂ ಬರ್ದೇ ಹೋದ್ರೆ ಥಟ್ಟಂತ ಕೂರಬೇಕು. ಅದಕ್ಕೆ ತಯಾರಿ ಬೇಕು."

ನಾನು ಕಲಿಸಿದ ಆಟವನ್ನು ನನಗೇ ಕಲಿಸಿದರು. ನಾನು ಕಲಿತೆ. ಈಗ ತುರುಫು ನೆನಪಿರುತ್ತದೆ. ಯಾವ ಎಲೆ ಯಾಕೆ ಹಾಕಿದೆ ಎಂದರೆ ಉತ್ತರವಿರುತ್ತದೆ. ಇವರು ಮೆಚ್ಚಿ, ನನ್ನನ್ನು ರಸ್ತೆಗಿಳಿಸಬಹುದು ಎಂದು ಪ್ರಮಾಣಪತ್ರವನ್ನೂ ದಯಪಾಲಿಸಿದ್ದಾರೆ. ತೊಂದರೆ ಒಂದೇ: ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಬಿಸಿಲಿರಲಿ, ಗಾಳಿಯಿರಲಿ, ನಾಲ್ವರೂ ಗಂಟೆ ಹೊಡೆದ ಹಾಗೆ ಹಾಜರು.

ಕೊನೆಯ ಭಾನುವಾರ ಹತ್ತಿರ ಬರುತ್ತಿದ್ದಂತೆ ಒಂದು ಬೆಳಗ್ಗೆ ದೇವರ ಮುಂದೆ ನಿಂತು, ನಾಚಿಕೆಯಿಂದಲೇ, ಒಂದು ಸಣ್ಣ ಮಾತು ಕೇಳಿಕೊಂಡೆ. ಕತ್ತರಿಯಕ್ಕ ಬರಲೇಬೇಕು. ಅವಳನ್ನು ಬಿಟ್ಟು ಈ ಮನೆಯಲ್ಲಿ ಯಾರಿಗಾದರೂ ಒಂದು ನೆಗಡಿ. ಜ್ವರ ಬೇಡ, ಕೆಮ್ಮು ಬೇಡ, ಬರೀ ನೆಗಡಿ, ಒಂದು ದಿನದ್ದು. ಇಂಥವರಿಗೇ ಎಂದು ಹೆಸರು ಹೇಳುವುದು ಪಾಪವಾದೀತೆಂದು ಹೆಸರು ಹೇಳಲಿಲ್ಲ.

ಆತ ಯಾವತ್ತೂ ನನ್ನ ಮಾತು ತಳ್ಳಿಹಾಕಿದವನಲ್ಲ. ಶುಕ್ರವಾರದಿಂದ ಒಂದೇ ಸಮನೆ ಸೀನುತ್ತಿದ್ದೇನೆ. ನರ್ಸಮ್ಮ ಬಂದು ನೋಡಿ, ಇದು ಬೇಗ ಅಂಟುವ ಜಾತಿಯದು, ಭಾನುವಾರ ಆಟದ ಕೋಣೆಯ ಕಡೆ ಸುಳಿಯಲೇಬಾರದು, ಬಾಗಿಲು ಮುಚ್ಚಿಕೊಂಡು ಒಳಗೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ್ದಾರೆ. ಇರುತ್ತೇನೆ. ನಿನ್ನೆ ಸಂಜೆ ಇವರನ್ನು ಮೇಜಿನ ಮುಂದೆ ಕೂರಿಸಿ ಎಲೆ ಕಲಸುತ್ತಾ ಏನಾದರೂ ಮಾತಾಡಲು ಹೇಳಿ, ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿ ನೋಡಿದೆ. ಸ್ವಲ್ಪ ಬಾಗಿಲಿಗೆ ಒರಗಿ ಕೂತರೆ ಚೆನ್ನಾಗಿಯೇ ಕೇಳಿಸುತ್ತದೆ.