ವಾಯುವಿಹಾರಕ್ಕೆ ಕಾರು

ನಮ್ಮ ಮನೆಯಲ್ಲಿ ಪರಿಸರ ಖಾತೆ ನನ್ನದು. ಗೀಸರ್ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಹಾಕಿರಬಾರದು, ಅಕ್ಕಿ ತೊಳೆದ ನೀರು ಕರಿಬೇವಿನ ಕುಂಡಕ್ಕೇ ಹೋಗಬೇಕು ಎಂಬ ರಾಜಾಜ್ಞೆಗಳನ್ನೆಲ್ಲ ಹೊರಡಿಸಿದವನು ನಾನು. (ಪಾಲಿಸುವವಳು ಹೆಂಡತಿ ಅಂಬುಜಾ.) ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಇಷ್ಟಾದರೂ ಅಧಿಕಾರ ಬೇಡವೇ?

ಭಾನುವಾರ ತಿಂಡಿಗೆಂದು ನಮ್ಮ ಮನೆಗೆ ಬಂದಿದ್ದ ಮಗಳು ದೀಪ್ತಿ ಕೇಳಿದಳು. "ಅಪ್ಪ, ದಿನಾ ನೀವಿಬ್ರೂ ಚಂದ್ರಾ ಲೇಔಟಿಂದ ಜ್ಞಾನಭಾರತಿ ಕ್ಯಾಂಪಸ್ಸಿಗೆ ವಾಕಿಂಗ್ ಹೋಗ್ತೀರಲ್ಲ, ಹೇಗೆ ಹೋಗ್ತೀರಾ?"

"ಕಾರಲ್ಲಿ. ಅಲ್ಲಿ ಮರ ಜಾಸ್ತಿ, ಗಾಳಿ ಶುದ್ಧ."

"ನಡಿಯೋದಕ್ಕೆ ಕಾರು." ಅಷ್ಟು ಹೇಳಿ ಅವಳು ದೋಸೆ ಮುರಿದಳು.

ಲೆಕ್ಕ ಹಾಕಿದೆ. ಹೋಗಿಬರಲು ಆರು ಕಿಲೋಮೀಟರ್, ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕಿಲೋ. ಶುದ್ಧ ಗಾಳಿ ಕುಡಿಯಲು ಹೋಗಿ ದಿನಾ ಒಂದು ಕಿಲೋ ಹೊಗೆ ಕೊಟ್ಟು ಬರುತ್ತಿದ್ದೆ! ಸೋಮವಾರದಿಂದ ಕಾರು ಬಂದ್ ಎಂದು ಘೋಷಿಸಿದೆ. ಅಂಬುಜಾ "ಸರಿ" ಅಂದಳು. ಆ "ಸರಿ" ಯಾವ ಜಾತಿಯದೆಂದು ನಾನು ಪರೀಕ್ಷಿಸಬೇಕಿತ್ತು.

ಸೋಮವಾರ ನಡೆದೇ ಹೊರಟೆವು. ಫೋನಿನಲ್ಲಿ ದೂರ ನೋಡುತ್ತ, "ನೂರೈವತ್ತು ಗ್ರಾಂ ಉಳೀತು ಕಣೇ... ಮುನ್ನೂರಾಯ್ತು" ಎಂದು ವರದಿ ಕೊಡುತ್ತಿದ್ದೆ. ಅವಳು ನಾಲ್ಕು ಹೆಜ್ಜೆ ಹಿಂದೆಯೇ ಬರುತ್ತಿದ್ದಳು. ಜ್ಞಾನಭಾರತಿಯ ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದೆ, "ಯಾಕೆ, ಕಾಲು ನೋವಾ?"

"ಕಾಲಿಗೇನಾಗಿದೆ? ನಂಗೆ ಈ ವಾಕಿಂಗ್ ಮೊದಲಿಂದಲೂ ಇಷ್ಟ ಇಲ್ಲ ರೀ."

"ಮತ್ತೆ ನಾಲ್ಕು ವರ್ಷದಿಂದ ಬರ್ತಾ ಇದೀಯಲ್ಲ?"

"ಕಾರಿಗೋಸ್ಕರ. ಕಾರು ಓಡಿಸುವಾಗ ಮಾತ್ರ ನೀವು ಫೋನ್ ಮುಟ್ಟಲ್ಲ. ಹೋಗ್ತಾ ಹತ್ತು ನಿಮಿಷ, ಬರ್ತಾ ಹತ್ತು ನಿಮಿಷ ನಾನು ಹೇಳಿದ್ದು ಕೇಳಿಸ್ಕೊಳ್ತೀರಿ. ಮಧ್ಯೆ ಎದ್ದು ಹೋಗೋಕೂ ಆಗಲ್ಲ."

ಈ ಇಪ್ಪತ್ತು ನಿಮಿಷ ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಫೋನ್ ಜೇಬಿಗಿಳಿಸಿದೆ. ಮನೆ ಮುಟ್ಟುವವರೆಗೂ ಅವಳು ಮಾತಾಡಿದಳು: ತಂಗಿಯ ಮಗಳಿಗೆ ಬಂದ ಸಂಬಂಧ, ಸೋರುವ ಮಹಡಿ, ಆರು ವರ್ಷದ ಹಿಂದೆ ನಾನು ಕೇಳಿಸಿಕೊಳ್ಳದೆಯೇ "ಹೂಂ" ಅಂದಿದ್ದ ಒಂದು ವಿಷಯ. ಕೇಳುತ್ತ ಕೇಳುತ್ತ ದಾರಿ ಸಾಗಿದ್ದೇ ತಿಳಿಯಲಿಲ್ಲ. ತಿಳಿದದ್ದು ಮಂಡಿಗಳಿಗೆ.

ಮರುದಿನ ಬೆಳಿಗ್ಗೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಮುಖದಲ್ಲಿ ತ್ಯಾಗದ ಕಳೆ ತಂದುಕೊಂಡು, ಕಾರಿನ ಕೀ ಎತ್ತಿಕೊಂಡೆ. "ಬಾ, ಕಾರಲ್ಲೇ ಹೋಗೋಣ. ಪರಿಸರ ಒಂದು ಕಡೆ ಇರ್ಲಿ, ನಿನಗೋಸ್ಕರ."

ಅಂಬುಜಾ ಆಗಲೇ ಶೂ ಲೇಸ್ ಬಿಗಿಯುತ್ತಿದ್ದಳು.

"ಬೇಡ ರೀ, ನಡ್ಕೊಂಡೇ ಹೋಗೋಣ. ಕಾರಲ್ಲಾದ್ರೆ ಇಪ್ಪತ್ತೇ ನಿಮಿಷ ಸಿಗ್ತೀರಿ. ನಡೆದ್ರೆ ಒಂದೂವರೆ ಗಂಟೆ."