ಫಿಲೆಮೋನಿ ಹುಟ್ಟಿದ ಗಾಳಿ

ಕೋಕೋ ಕಾಯಿ ಹಣ್ಣಾಗಿ ಗಿಡಗಳಲ್ಲಿ ಕೆಂಪಗೆ ಜೋತುಬಿದ್ದಿದ್ದ ಕಾಲ. ಮಳೆ ಹಿಂದೆ ಸರಿದು ಕಡಲ ಕಡೆಯಿಂದ ಒಣಗಾಳಿ ಬೀಸತೊಡಗಿತ್ತು. ಸಾಲೆಫಾ ಹಳ್ಳಿಯಲ್ಲಿ ಎಲ್ಲರ ಕೈಗೂ ಒಂದೇ ಕೆಲಸ: ಕಾಯಿ ಒಡೆಯುವುದು, ಬೀಜ ಬಿಡಿಸುವುದು, ಅಂಗಳದಲ್ಲಿ ಹರಡಿ ಕೋಳಿ ಮುಟ್ಟದಂತೆ ಕಾಯುವುದು. ಫಿಲೆಮೋನಿ ತನ್ನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಜಗಳ ಮೇಲೆ ಕೈಯಾಡಿಸುತ್ತಿದ್ದ. ಮೊಳಕಾಲೆತ್ತರದ ಕಲ್ಲುಗೋಡೆಯಾಚೆ ಸಕಾಲಿಯಾನೂ ಅದನ್ನೇ ಮಾಡುತ್ತಿದ್ದ. ಸಕಾಲಿಯಾನ ರೇಡಿಯೋ ಎರಡು ಮನೆಗೂ ಸಾಲುವಷ್ಟು ಜೋರಾಗಿ ಶಾಸನಸಭೆಯ ಕಲಾಪವನ್ನು ಒದರುತ್ತಿತ್ತು.

ಆ ಹೊತ್ತಿಗೆ ಅವರ ಕ್ಷೇತ್ರದ ಶಾಸಕ ಲೋಟೋಮಾವು ಪ್ರಶ್ನೆ ಕೇಳಲು ಎದ್ದರು. ಮೊದಲು ಕಟ್ಟೆಯೊಡೆದ ದೋಣಿನಿಲ್ದಾಣ, ಆಮೇಲೆ ಡಾಕ್ಟರಿಲ್ಲದ ಆಸ್ಪತ್ರೆ. ಫಿಲೆಮೋನಿ ಆಕಳಿಸಿದ. ಮೂರನೆಯದು ಬಂತು.

"ವೃದ್ಧರ ಪಿಂಚಣಿಯ ಬಗ್ಗೆ ಸಚಿವರಿಗೆ ನನ್ನ ಪ್ರಶ್ನೆ. ನನ್ನ ಹುಟ್ಟೂರು ಸಾಲೆಫಾದವರೇ ಆದ ಒಬ್ಬರ ವಯಸ್ಸು ತಪ್ಪಾಗಿ ದಾಖಲಾಗಿದೆ. ಇದು ಸಚಿವರಿಗೆ ಗೊತ್ತಿದೆಯೇ? ಈ ಅನ್ಯಾಯ ಇನ್ನೆಷ್ಟು ದಿನ? ಇವತ್ತೇ ನಾನೇ ಊರಿಗೆ ಹೋಗಿ ಇದನ್ನು ಇತ್ಯರ್ಥ ಮಾಡುತ್ತೇನೆ."

ಫಿಲೆಮೋನಿಯ ಕೈ ಬೀಜದ ಮೇಲೆ ಹಾಗೇ ನಿಂತಿತು. ಗೋಡೆಯಾಚೆಯಿಂದ ಸಕಾಲಿಯಾನ ತಲೆ ಆಮೆಯ ತಲೆಯಂತೆ ನಿಧಾನವಾಗಿ ಮೇಲೆದ್ದಿತು.

"ಕೇಳಿಸ್ತಾ?"

"ಏನು?"

"ಏನೂ ಇಲ್ಲ ಬಿಡು," ಎಂದು ಸಕಾಲಿಯಾ ತಲೆ ಒಳಗೆಳೆದುಕೊಂಡ. ಮರುಕ್ಷಣವೇ ಮತ್ತೆ ಹೊರಗೆ ಹಾಕಿದ. "ಅಲ್ಲಯ್ಯಾ, ನಾವಿಬ್ಬರೂ ಒಟ್ಟಿಗೇ ಈಜು ಕಲಿತವರು. ಒಟ್ಟಿಗೇ ಪಾದ್ರಿಗಳ ಕೈಲಿ ಒದೆ ತಿಂದವರು. ನನಗಿನ್ನೂ ಅರವತ್ನಾಲ್ಕು. ನಿನಗೆ ಹೇಗೆ ಅರವತ್ತಾರಾಯ್ತು?"

ಫಿಲೆಮೋನಿ ಒಂದು ಹಿಡಿ ಬೀಜ ಎತ್ತಿ ಮತ್ತೆ ಅಲ್ಲೇ ಹರಡಿದ. ಅವನ ತಾಯಿ ಹೇಳುತ್ತಿದ್ದುದು ಇಷ್ಟೇ: "ನೀನು ದೊಡ್ಡ ಗಾಳಿ ಬಂದ ರಾತ್ರಿ ಹುಟ್ಟಿದವನು, ಚರ್ಚಿನ ಸೂರು ಹಾರಿಹೋಗಿತ್ತು." ಆದರೆ ದೊಡ್ಡ ಗಾಳಿ ಬಂದದ್ದು ಎರಡು ಸಲ, ಮೂರು ವರ್ಷದ ಅಂತರದಲ್ಲಿ. ಎರಡು ಸಲವೂ ಚರ್ಚಿನ ಸೂರು ಹಾರಿತ್ತು. ಯಾವ ಗಾಳಿ ಎಂದು ಹೇಳದೆಯೇ ತಾಯಿ ತೀರಿಕೊಂಡಿದ್ದಳು. ಹೋದ ವರ್ಷ ಪಿಂಚಣಿಯವರು ಬಂದು ಕೇಳಿದಾಗ ಫಿಲೆಮೋನಿ ಒಂದು ಉಸಿರಿನಷ್ಟು ಯೋಚಿಸಿ "ಮೊದಲನೇದು" ಎಂದುಬಿಟ್ಟಿದ್ದ. ಅರವತ್ತೈದು ತುಂಬಿದವರಿಗಷ್ಟೇ ಪಿಂಚಣಿ ಎಂಬುದು ಆಗ ಅವನಿಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.

ಅಂದಿನಿಂದ ಅವನ ನಡಿಗೆಯೇ ಬದಲಾಗಿತ್ತು. ಭಾನುವಾರ ಯಾರು ಎಷ್ಟು ಕಾಣಿಕೆ ಕೊಟ್ಟರೆಂದು ಚರ್ಚಿನಲ್ಲಿ ಗಟ್ಟಿಯಾಗಿ ಓದುವಾಗ, ಯಾವತ್ತೂ ಕೊನೆಗೆ ಬರುತ್ತಿದ್ದ ಅವನ ಹೆಸರು ಈಗ ಸಕಾಲಿಯಾನ ಹೆಸರಿಗಿಂತ ಎಷ್ಟೋ ಮೇಲೆ ಬರುತ್ತಿತ್ತು. ಪಿಂಚಣಿ ನಿಂತರೆ ಆ ಹೆಸರು ತೆಂಗಿನಕಾಯಿ ಬಿದ್ದಂತೆ ನೆಲಕ್ಕೆ ಬೀಳುತ್ತದೆ, ಅದೂ ಇಡೀ ಊರಿನ ಕಿವಿಯೆದುರು.

"ನೀನೇ ಶಾಸಕರಿಗೆ ಚಾಡಿ ಹೇಳಿದ್ದು," ಎಂದ ಫಿಲೆಮೋನಿ.

"ನಾನಾ? ನಾನ್ಯಾಕೆ ಹೇಳಲಿ? ನಾನು ಪಾದ್ರಿಗಳಿಗೆ ಮಾತ್ರ ಹೇಳಿದ್ದು. ಆಮೇಲೆ ಅಂಗಡಿಯಲ್ಲಿ ಒಂದು ಮಾತು ಬಂತು. ಅಷ್ಟೇಯಪ್ಪ." ಸಕಾಲಿಯಾ ಗೋಡೆಗೆ ಎದೆಯೊರಗಿಸಿ ದನಿ ತಗ್ಗಿಸಿದ. "ಈಗ ಜಗಳ ಆಡ್ತಾ ಕೂತರೆ ಆಗಲ್ಲ. ದೋಣಿ ಮಧ್ಯಾಹ್ನಕ್ಕೆ ಬರುತ್ತೆ. ಶಾಸಕರೇ ನಿನ್ನ ಮನೆಗೆ ಬಂದರೆ ನೀನು ಕಳ್ಳ. ನೀನೇ ಅವರ ಮನೆಗೆ ಹೋಗಿ ಇಫೋಂಗಾ ಮಾಡಿದರೆ ನೀನು ಮರ್ಯಾದಸ್ಥ. ಚಾಪೆ ಹೊದ್ದು ಅಂಗಳದಲ್ಲಿ ಮಂಡಿಯೂರಿದವನನ್ನ ಯಾವ ಯಜಮಾನ ತಾನೇ ಕೈಬಿಡ್ತಾನೆ? ಕ್ಷಮಿಸಲೇಬೇಕು."

"ಇಫೋಂಗಾ ಕೊಲೆ ಮಾಡಿದವರು ಮಾಡೋದಲ್ವೇನೋ? ಅದೂ ಬೆಳಕು ಹರಿಯೋ ಮುಂಚೆ."

"ಹಾಗಾದರೆ ಕಾಯ್ತಾ ಕೂತಿರು. ಬೆಳಕು ಹರಿಯೋದ್ರೊಳಗೆ ಪಿಂಚಣಿ ಹೋಗಿರುತ್ತೆ."

ಇಫೋಂಗಾ ಎಂದರೆ ಮಾಮೂಲಿ ಚಾಪೆ ನಡೆಯದು. ಮದುವೆ, ಸಾವುಗಳಿಗೆ ಮಾತ್ರ ಹೊರಗೆ ತೆಗೆಯುವ, ರೇಷ್ಮೆಯಂತೆ ನಯವಾದ ಹೆಣಿಗೆಯ ಚಾಪೆಯೇ ಬೇಕು. ಮನೆಯಲ್ಲಿದ್ದುದು ಒಂದೇ. ಹೆಂಡತಿ ಮಾತಲೇನಾ ಎರಡು ವರ್ಷ ಕಣ್ಣು ಸವೆಸಿಕೊಂಡು ಮಗಳ ಮದುವೆಗೆಂದು ಹೆಣೆದದ್ದು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ್ದೇ ಅವಳು ಒಲೆಮನೆಯಿಂದ ಬಂದು ನಿಂತಳು.

"ಅದಕ್ಕೆ ಯಾಕೆ ಕೈ ಹಾಕಿದ್ರಿ?"

"ಬಿಸಿಲಿಗೆ ಹಾಕೋಣ ಅಂತ."

"ಮದುವೆಯಾದಾಗಿನಿಂದ ನಿಮ್ಮ ಅಂಗೀನೇ ನೀವು ಬಿಸಿಲಿಗೆ ಹಾಕಿಲ್ಲ. ಯಾವಳಿಗೆ ಕೊಡೋಕೆ ಹೊರಟಿದೀರಿ?"

ವಿಷಯ ಹೇಳದೆ ವಿಧಿಯಿರಲಿಲ್ಲ. ಮಾತಲೇನಾ ಹಣೆಗೆ ಕೈ ಹಚ್ಚಿ ಕೂತಳು. "ಗಾಳಿ ಯಾವುದು ಅಂತ ಗೊತ್ತಿಲ್ಲ ಅನ್ನೋಕೆ ಬಾಯಿ ಇರಲಿಲ್ವಾ ನಿಮಗೆ?" ಎಂದು ಗದರಿದಳು. ಆದರೆ ಕಾಣಿಕೆ ಓದುವಾಗ ಸಕಾಲಿಯಾನ ಹೆಂಡತಿಯ ಮುಖ ಹೇಗಾಗುತ್ತದೆ ಎಂಬುದನ್ನು ಅವಳೂ ವಾರವಾರ ತಪ್ಪದೆ ನೋಡಿ ಸುಖಪಟ್ಟವಳೇ. ಕೊನೆಗೆ ಚಾಪೆಯನ್ನು ಅವಳೇ ಸುತ್ತಿ ಗೋಣಿಚೀಲಕ್ಕೆ ತುರುಕಿದಳು.

ಫಿಲೆಮೋನಿ ಚೀಲ ಹೆಗಲಿಗೇರಿಸಿ, ಟ್ಯಾರೋ ಗೆಡ್ಡೆ ಹೊತ್ತವನಂತೆ ಬೆನ್ನು ಬಗ್ಗಿಸಿ ಹೊರಟ. ಚೀಲದ ಬಾಯಿಂದ ಚಾಪೆಯ ಅಂಚಿನ ಕೆಂಪು ಗರಿಗಳು ಇಣುಕುತ್ತಿದ್ದುದು ಅವನಿಗೆ ಕಾಣಲಿಲ್ಲ. ಮಹಿಳಾ ಸಮಿತಿಯ ಚಪ್ಪರದಲ್ಲಿ ಹೆಣಿಗೆಗೆ ಕೂತಿದ್ದ ಹೆಂಗಸರಿಗೆ ಕಂಡಿತು.

"ಫಿಲೆಮೋನಿ ಅಣ್ಣಾ, ಯಾರು ಹೋಗಿಬಿಟ್ಟರು?"

"ಯಾರೂ ಹೋಗಿಲ್ಲವಮ್ಮ."

"ಹಾಗಾದರೆ ಮದುವೆಯಾ? ನಮಗೆ ಹೇಳದೆ?"

"ಮದುವೆಯೂ ಇಲ್ಲ. ಗೆಡ್ಡೆ, ಗೆಡ್ಡೆ."

"ಗರಿ ಬಿಟ್ಟಿರೋ ಗೆಡ್ಡೆಯಾ!" ಎಂದು ಒಬ್ಬಳು ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟಳು. ಸಾವೂ ಅಲ್ಲ, ಮದುವೆಯೂ ಅಲ್ಲ ಎಂದಮೇಲೆ ಉಳಿದದ್ದು ಇಫೋಂಗಾ ಒಂದೇ. ಏನೋ ದೊಡ್ಡದೇ ಮಾಡಿಕೊಂಡಿದ್ದಾನೆ! ಹೆಂಗಸರು ಎದ್ದರು. ಅವರನ್ನು ನೋಡಿ ಅಂಗಡಿಯ ಕಟ್ಟೆಯವರು ಎದ್ದರು. ಶಾಸಕರ ಮನೆ ಮುಟ್ಟುವ ಹೊತ್ತಿಗೆ ಫಿಲೆಮೋನಿಯ ಹಿಂದೆ ಅರ್ಧ ಊರೇ ಗಾಳಿಪಟದ ಬಾಲದಂತೆ ಬರುತ್ತಿತ್ತು. ಮುಂದಾಳಾಗಿ ಸಕಾಲಿಯಾ.

ಅಂಗಳದಲ್ಲಿ ಮಂಡಿಯೂರಿ ಫಿಲೆಮೋನಿ ತಲೆಯ ಮೇಲೆ ಚಾಪೆ ಎಳೆದುಕೊಂಡ. ಒಳಗೆ ಕತ್ತಲು, ಸೆಕೆ, ಮೂಗಿನ ತುದಿಯಲ್ಲಿ ಒಂದು ಇರುವೆ. ಯಜಮಾನನೇ ಬಂದು ಚಾಪೆ ಎತ್ತುವವರೆಗೆ ಅಲ್ಲಾಡುವಂತಿಲ್ಲ, ಮಾತಾಡುವಂತಿಲ್ಲ. ಹೊರಗಿನಿಂದ ನೋಡಿದರೆ ಮಗುಚಿದ ದೋಣಿಯೊಂದು ಸೀನು ತಡೆದುಕೊಳ್ಳುತ್ತಿರುವಂತಿತ್ತು.

ಮನೆಯೊಳಗೆ ಕೋಕೋ ಕುಡಿಯುತ್ತಿದ್ದ ಶಾಸಕರು ಬಟ್ಟಲು ಕೆಳಗಿಟ್ಟು ಕಿಟಕಿಯಿಂದ ಇಣುಕಿದರು. "ಇವನ್ಯಾರನ್ನ ಕೊಂದನಪ್ಪಾ?" ಎಂದು ಪಿಸುಗುಟ್ಟಿದರು. ತಮ್ಮ ಕಡೆಯವರನ್ನೆಲ್ಲ ಮನಸ್ಸಿನಲ್ಲೇ ಎಣಿಸಿದರು. ಎಲ್ಲರೂ ಇದ್ದಾರೆ. ನನ್ನ ಕಾರಿಗೇನಾದರೂ ಮಾಡಿದನೋ? ಅಂಜುತ್ತಲೇ ಬಂದು ಚಾಪೆ ಎತ್ತಿದರು.

"ಏಳು ಫಿಲೆಮೋನಿ. ಏನೇ ಆಗಿರಲಿ, ಕ್ಷಮಿಸಿದೀನಿ. ಏನು ಮಾಡಿದೆ ಹೇಳು."

ಬೆಳಕು ಕಣ್ಣಿಗೆ ಚುಚ್ಚಿ ಫಿಲೆಮೋನಿಗೆ ಏನೂ ಕಾಣಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಊರಿಗೆಲ್ಲ ಕೇಳುವಂತೆ ಅರಚಿದ: "ಸುಳ್ಳು ಹೇಳಿದೆ ಒಡೆಯಾ! ನಾನು ಹುಟ್ಟಿದ್ದು ಎರಡನೇ ಗಾಳಿಗೆ. ನನಗೆ ಅರವತ್ತಮೂರೇ. ಒಂದು ವರ್ಷದಿಂದ ಸುಮ್ಮನೆ ಪಿಂಚಣಿ ತಿಂದೆ!"

ಫಿಲೆಮೋನಿ ಕಣ್ಣು ಬಿಟ್ಟ. ಶಾಸಕರ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಅಪರಿಚಿತನೊಬ್ಬ ನಿಂತಿದ್ದ. ಅವನ ಪಕ್ಕದಲ್ಲಿ ಒಣಗಿದ ಬ್ರೆಡ್‌ಫ್ರೂಟಿನಂತೆ ಸುಕ್ಕುಗಟ್ಟಿದ ಮುದುಕಿ.

"ಇವರು ಪಿಂಚಣಿ ಇಲಾಖೆಯ ಅಧಿಕಾರಿ," ಎಂದರು ಶಾಸಕರು ನಿತ್ರಾಣದಿಂದ. "ಇವಳು ನಮ್ಮ ಸಿಯೆನಿ ಅತ್ತೆ. ನಲವತ್ತು ವರ್ಷದಿಂದ ಪಟ್ಟಣದಲ್ಲಿದ್ದಳು. ಎಂಬತ್ತೈದು ದಾಟಿದೆ, ಆದರೆ ದಾಖಲೆಯಲ್ಲಿ ಅರವತ್ನಾಲ್ಕು ಅಂತ ಬರೆದು ಪಿಂಚಣಿ ಕೊಡದೆ ಸತಾಯಿಸ್ತಿದಾರೆ. ನಾನು ಸಭೆಯಲ್ಲಿ ಕೇಳಿದ್ದು ಇವಳ ವಿಚಾರ ಕಣಯ್ಯಾ! ನಿನ್ನ ಹೆಸರು ನನಗೆ ಕನಸಲ್ಲೂ ಬಂದಿರಲಿಲ್ಲ."

ಫಿಲೆಮೋನಿ ಸಕಾಲಿಯಾನ ಕಡೆ ತಿರುಗಿದ. ಸಕಾಲಿಯಾ ಆಕಾಶ ನೋಡುತ್ತಿದ್ದ.

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಮುಂದೆ ಬಂದು ಫಿಲೆಮೋನಿಯ ಗಲ್ಲ ಹಿಡಿದು ಎತ್ತಿದಳು. "ನೀನು ಟುಲಿಯಾಳ ಮಗ ಅಲ್ವೇನೋ? ಎರಡನೇ ಗಾಳಿ ಅಂತ ಯಾವ ಮುಠ್ಠಾಳ ಹೇಳಿದ ನಿನಗೆ? ನೀನು ಮೊದಲನೇ ಗಾಳಿಗೆ ಹುಟ್ಟಿದವನು. ಹೆರಿಗೆ ಮಾಡಿಸಿದವಳು ನಾನು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಈ ಕೈ!"

ಫಿಲೆಮೋನಿಗೆ ಎರಡನೇ ಸಲ ಹುಟ್ಟಿದಂತಾಯಿತು. "ಕೇಳಿದ್ರಾ ಸಾರ್! ನನಗೆ ಅರವತ್ತಾರೇ!"

ಅಧಿಕಾರಿ ತಾಳ್ಮೆಯಿಂದ ತಲೆಯಾಡಿಸಿದ. "ದಾಖಲೆ ಪ್ರಕಾರ ಅಜ್ಜಿಗೆ ಅರವತ್ನಾಲ್ಕು. ಮೊದಲನೇ ಗಾಳಿ ಬಂದಾಗ ಅವರಿನ್ನೂ ಹುಟ್ಟೇ ಇಲ್ಲ. ಹುಟ್ಟದೇ ಇರೋರು ಹೆರಿಗೆ ಹೇಗೆ ಮಾಡಿಸ್ತಾರೆ?"

"ಅದಕ್ಕೇ ಹೇಳ್ತಿರೋದು, ದಾಖಲೆಯೇ ತಪ್ಪು ಅಂತ!" ಶಾಸಕರು ಹುರುಪಿನಿಂದ ಫಿಲೆಮೋನಿಯ ಭುಜ ಹಿಡಿದರು. "ಇಗೋ ಸಾಕ್ಷಿ! ಇವನ ಹೆರಿಗೆ ಮಾಡಿಸಿದವಳಿಗೆ ಇವನಿಗಿಂತ ಕಡಿಮೆ ವಯಸ್ಸಿರೋಕೆ ಸಾಧ್ಯವಾ?"

"ಸಾಕ್ಷಿ ಇವರೇನಾ? ಈಗಷ್ಟೇ ಸುಳ್ಳು ಹೇಳಿದೆ ಅಂತ ಊರೆಲ್ಲ ಕೇಳೋಹಾಗೆ ಅರಚಿದರಲ್ಲ."

ಫಿಲೆಮೋನಿ ಅಜ್ಜಿಯ ಕಾಲು ಹಿಡಿದ. "ಅಜ್ಜೀ, ಇನ್ನೇನಾದರೂ ಗುರುತು ಹೇಳು. ನೀನು ಅಲ್ಲಿದ್ದೆ ಅನ್ನೋಕೆ ಏನಾದರೂ!"

"ಗುರುತೇನು ಬಂತು? ಹೆರಿಗೆ ಸುಸೂತ್ರವಾದರೆ ಹಂದಿ ಕೊಡ್ತೀನಿ ಅಂದಿದ್ದಳು ನಿಮ್ಮಮ್ಮ. ಇವತ್ತಿನವರೆಗೂ ಬಂದಿಲ್ಲ."

"ಅಗೋ! ಹಂದಿ ಬಾಕಿ ಇದೆ ಸಾರ್! ನಾನು ಒಪ್ಕೋತೀನಿ, ಊರೆದುರು ಒಪ್ಕೋತೀನಿ. ಹೆರಿಗೆ ಮಾಡಿಸದೆ ಹಂದಿ ಎಲ್ಲಿಂದ ಬಾಕಿ ಬರುತ್ತೆ?"

"ನೀವು ಒಪ್ಕೊಂಡದ್ದನ್ನ ನಂಬಬೇಕು ಅಂದರೆ," ಎಂದ ಅಧಿಕಾರಿ, "ಮೊದಲು ಒಪ್ಕೊಂಡದ್ದನ್ನೂ ನಂಬಬೇಕಾಗುತ್ತೆ."

ಪಿಂಚಣಿ ಅಲ್ಲಿಗೆ ಮುಗಿಯಿತು. ಅಜ್ಜಿಯದು ಶುರುವಾಗಲಿಲ್ಲ, ಫಿಲೆಮೋನಿಯದು ನಿಂತಿತು. ಸ್ವೀಕರಿಸಿದ ಚಾಪೆಯನ್ನು ಹಿಂದೆ ಕೊಡುವುದು ಕೊಟ್ಟವನಿಗೇ ಅವಮಾನವೆಂದು ಶಾಸಕರು ಅದನ್ನು ಭಕ್ತಿಯಿಂದ ಮಡಿಸಿ ಒಳಗೆ ಕಳಿಸಿದರು. ಗುಂಪಿನಂಚಿನಲ್ಲಿ ನಿಂತಿದ್ದ ಮಾತಲೇನಾ ಖಾಲಿ ಗೋಣಿಚೀಲ ಎತ್ತಿ, ಪಟಾರನೆ ಕೊಡವಿ ಮನೆಯ ದಾರಿ ಹಿಡಿದಳು. ಅವಳು ಚೀಲ ಕೊಡವಿದ ರೀತಿ ಫಿಲೆಮೋನಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಸಂಜೆಯ ಪ್ರಾರ್ಥನೆಗೆ ಶಂಖ ಊದಿದರು. ಜನ ಚದುರಿದರು. ಫಿಲೆಮೋನಿ ಮಂಡಿಯ ಧೂಳು ಕೊಡವಿಕೊಂಡು ಏಳುವಾಗ ಸಿಯೆನಿ ಅಜ್ಜಿ ಕೋಲಿನಿಂದ ಅವನ ಬೆನ್ನಿಗೆ ಮೆಲ್ಲಗೆ ತಿವಿದಳು.

"ಊರೆದುರು ಒಪ್ಕೊಂಡಿದೀಯಾ. ಹಂದಿಮರಿ ತರಬೇಡ ಮತ್ತೆ. ಇಷ್ಟು ವರ್ಷಕ್ಕೆ ಅದು ಬೆಳೆದಿರುತ್ತೆ."

"ಚಿಂತೆ ಮಾಡಬೇಡಿ ಅಜ್ಜಿ," ಎಂದ ಸಕಾಲಿಯಾ, ಹೆಗಲ ಮೇಲಿನ ಬಟ್ಟೆ ಕೊಡವುತ್ತ. "ನಾಳೆ ಹಿಡಿಯೋಕೆ ನಾನೂ ಹೋಗ್ತೀನಿ. ಇವನೊಬ್ಬನ ಕೈಲಾಗಲ್ಲ. ಪಾಪ, ಚಿಕ್ಕ ವಯಸ್ಸು."