ಪ್ರತಿಕಾಯ ಇಳಿಕೆ ಅಭಿಯಾನ

ಪುಣೆಯ ಖರಾಡಿಯ ಕಂಪನಿಯೊಂದರ ಆರೋಗ್ಯ ಸಮಿತಿಯು, ಸಿಬ್ಬಂದಿಯ ದೇಹದಲ್ಲಿದ್ದು ಅವರದೇ ಥೈರಾಯ್ಡ್ ಗ್ರಂಥಿಯ ಮೇಲೆ ದಂಡೆತ್ತಿ ಹೋಗುವ ಪ್ರತಿಕಾಯಗಳನ್ನು ಈ ತ್ರೈಮಾಸಿಕದೊಳಗೆ ಅರ್ಧಕ್ಕೆ ಇಳಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಪ್ರತಿಕಾಯಗಳ ಅಭಿಪ್ರಾಯ ಕೇಳುವ ಪದ್ಧತಿ ಇರಲಿಲ್ಲ.

ಲೆಕ್ಕಪತ್ರ ವಿಭಾಗದ ಶೈಲಾಳ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಒಂಬೈನೂರು. ಇಡೀ ಮಹಡಿಗೇ ಹೆಚ್ಚು. ಸಮಿತಿಯ ಫಲಕದ ಮೇಲೆ ಅವಳ ಹೆಸರು ಕೆಂಪಕ್ಷರದಲ್ಲಿ ಬಂತು. ಪಾಪ, ಅವಳಿಗೆ ಬೇಕಾಗಿದ್ದುದು ಅರ್ಧ ದಿನದ ರಜೆ. ಮುಖ ಬಾತಿತ್ತು, ಕೂದಲು ಬಾಚಣಿಗೆಗೇ ಬರುತ್ತಿತ್ತು, ಕೋಥರೂಡದಿಂದ ಬರುವ ಬಸ್ಸಿನಲ್ಲಿ ನಿಂತಲ್ಲೇ ನಿದ್ದೆ. ರಕ್ತದಲ್ಲಿ ಟಿಎಸ್‌ಎಚ್ ಏರಿದೆ, ಅಂದರೆ ಥೈರಾಯ್ಡ್ ಇನ್ನಷ್ಟು ಕುಗ್ಗಿದೆ, ಬಂದು ಗುಳಿಗೆ ಹೆಚ್ಚಿಸಿಕೊಳ್ಳಿ ಎಂದು ಡಾಕ್ಟರು ಕರೆದಿದ್ದರು.

ಸಮಿತಿಯ ಅಧ್ಯಕ್ಷರಾದ ಮೈಸೂರಿನ ಮಧುಕರ್ ಅವರು ನಕ್ಕರು. "ನಿಯಮ ಹನ್ನೊಂದು ನೋಡಿ ಮೇಡಂ. ಇಂಪ್ರೂವ್‌ಮೆಂಟ್ ತೋರಿಸಿದವರಿಗೆ ಮಾತ್ರ ಥೈರಾಯ್ಡ್ ರಜೆ. ನಿಮ್ಮದು ಇಳಿದೇ ಇಲ್ವಲ್ಲ?"

"ಅದನ್ನ ಇಳಸೂದಲ್ರಿ ಸರ. ಬ್ಯಾನಿ ಯಾಕ ಬಂತು ಅಂತ ಅದು ಒಮ್ಮೆ ಹೇಳ್ತದ, ಮುಗೀತು. ಗುಳಿಗಿ ಟಿಎಸ್‌ಎಚ್ ನೋಡಿ ಕೊಡ್ತಾರ. ಡಾಕ್ಟರೇ ಹೇಳ್ಯಾರ್ರಿ."

"ಡಾಕ್ಟರ್ ನಮ್ಮ ಕಮಿಟಿ ಮೆಂಬರ್ ಅಲ್ವಲ್ಲ ಮೇಡಂ."

ಮರುದಿನ ಪ್ರಕಟಣೆ ಹೊರಟಿತು: 'ಪ್ರತಿಕಾಯ ಹೆಚ್ಚಿರುವ ಸಿಬ್ಬಂದಿಯು ಲಿಫ್ಟ್ ಬಳಸತಕ್ಕದ್ದಲ್ಲ. ಪ್ರತಿದಿನ ಸಾಮೂಹಿಕವಾಗಿ ಕತ್ತು ತಿರುಗಿಸತಕ್ಕದ್ದು.' ಶೈಲಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು, ಕತ್ತು ತಿರುಗಿಸಿದಳು. ಮರುಪರೀಕ್ಷೆಯಲ್ಲಿ ಮತ್ತೆ ಒಂಬೈನೂರು. ಪ್ರತಿಕಾಯಗಳಿಗೆ ಶಿಸ್ತಿಲ್ಲವೆಂದು ಸಮಿತಿ ವಿಷಾದಿಸಿತು. ಆಮೇಲೆ ದೀರ್ಘವಾಗಿ ಚಿಂತಿಸಿ ಮೂಲಕಾರಣ ಕಂಡುಹಿಡಿಯಿತು. ತಪ್ಪು ಲ್ಯಾಬಿನದು!

ಹೊಸ ಲ್ಯಾಬು ಮಧುಕರ್ ಅವರ ಷಡ್ಡಕನದು. ಅದೇ ಶೈಲಾ, ಅದೇ ರಕ್ತ. ಯಂತ್ರ ಬೇರೆ, ಅಳತೆ ಬೇರೆ. ಪ್ರತಿಕಾಯ ನೂರಾ ಎಂಬತ್ತಾಯಿತು. ಇಷ್ಟು ಶೀಘ್ರ ಗುಣವಾದ ರೋಗಿಯನ್ನು ಸಮಿತಿ ನೋಡಿರಲಿಲ್ಲ. ಹೆಸರು ಹಸಿರಕ್ಷರಕ್ಕೆ ಏರಿತು, ಸತ್ಕಾರ ಸಮಾರಂಭ ಏರ್ಪಟ್ಟಿತು.

ಶಾಲು ಹೊದಿಸಿಕೊಳ್ಳುತ್ತಲೇ ಶೈಲಾ ಕೇಳಿದಳು: "ಇಳೀತಲ್ರಿ ಸರ, ಈಗರೆ ರಜಾ ಕೊಡ್ರಿ. ಭಾಳ ತ್ರಾಸ ಆಗೇದ."

"ವಾಸಿಯಾದವರಿಗೆ ಯಾಕೆ ಮೇಡಂ ರಜೆ?" ಎಂದರು ಮಧುಕರ್, ನಿಜವಾಗಿಯೂ ಅರ್ಥವಾಗದೆ.

ಶೈಲಾ ಕುರ್ಚಿಯಲ್ಲಿ ಕುಸಿದು ಕುಳಿತಳು. ತಲೆಗೆ ಪುಣೇರಿ ಪಗಡಿ ಇಟ್ಟರು, ಮಡಿಲಿಗೆ ತೆಂಗಿನಕಾಯಿ ಕೊಟ್ಟರು. ಅಧ್ಯಕ್ಷರ ಭಾಷಣ ನಡೆದಿದ್ದಾಗ ಅವಳು ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದಳು.

"ನೋಡಿ, ಎಷ್ಟು ನೆಮ್ಮದಿ!" ಎಂದರು ಮಧುಕರ್ ಮೈಕಿನಲ್ಲಿ. ಪಗಡಿ ಮೂಗಿಗೆ ಜಾರಿದ್ದನ್ನು ಫೋಟೋಗಾಗಿ ಯಾರೋ ಸರಿಪಡಿಸಿದರು. ಅವಳಿಗೆ ಎಚ್ಚರವಾಗದಂತೆ ಸಭೆ ಮೆಲ್ಲಗೆ ಚಪ್ಪಾಳೆ ತಟ್ಟಿತು.